ಸುಮ್ಮನಿದ್ದ ಹೆಬ್ಬೆರಳು

ಮಾಲು ನೋಡುವ ಕಣ್ಣಿನಿಂದ ನೋಡಿದರೆ ಉಂಗ್ ಸೊಥಾವಿಯನ್ನು ಯಾರೂ ಮೊದಲ ಸಲಕ್ಕೇ ಕೈಗೆತ್ತಿಕೊಳ್ಳುವುದಿಲ್ಲ. ಎತ್ತರ ಕಡಿಮೆ, ಮಾತು ಅದಕ್ಕಿಂತ ಕಡಿಮೆ. ವಯಸ್ಸು ಐವತ್ತೆಂಟು, ಬಳಕೆ ಬಹಳ ಆಗಿದೆ, ಸವೆತ ಅಂಚಿನಲ್ಲಿ ಮಾತ್ರ. ಕನ್ನಡಕದ ಒಂದು ಗಾಜು ದಪ್ಪ, ಇನ್ನೊಂದು ತೆಳು. ಹಾಗಾಗಿ ಆಕೆ ಯಾರನ್ನು ನೋಡಿದರೂ ಅರ್ಧ ಬೆಲೆಗೆ ಕೇಳುತ್ತಿರುವಂತೆ ಕಾಣುತ್ತದೆ. ಕೈ ನೋಡಿದರೆ ಮಾತ್ರ ವ್ಯಾಪಾರಿ ಸ್ವಲ್ಪ ನಿಲ್ಲುತ್ತಾನೆ. ಎಂಟು ಬೆರಳು ಮೊದಲ ದರ್ಜೆಯವು, ತುದಿ ಚಪ್ಪಟೆಯಾಗಿ ಕೆಲಸದ ಗುರುತು ಹೊತ್ತವು. ಎರಡು ಹೆಬ್ಬೆರಳು ಮಾತ್ರ ಪೆಟ್ಟಿಗೆಯಿಂದ ಈಗತಾನೇ ತೆಗೆದಂತಿವೆ. ಇದನ್ನು ನಾನು ಮೊದಲ ದಿನವೇ ಗಮನಿಸಿದ್ದೆ. ಗಮನಿಸುವುದು ವ್ಯಾಪಾರಿಗೆ ಬರುತ್ತದೆ. ಅರ್ಥ ಮಾಡಿಕೊಳ್ಳುವುದು ಬೇರೆಯೇ ಕಸುಬು.

ಆಕೆಯ ಕಸುಬು ಪುಟ ಕಟ್ಟುವುದು. ಸಾವಿರದ ಒಂಬೈನೂರ ಎಂಬತ್ತಮೂರರಲ್ಲಿ, ಹದಿನೇಳನೆಯ ವಯಸ್ಸಿಗೆ, ಚಿಕ್ಕಮ್ಮನ ಕೈಹಿಡಿದು ಒಂದು ಅಚ್ಚುಕೂಟದ ಬಾಗಿಲಿಗೆ ಬಂದಳು. ಅದಕ್ಕೂ ಹಿಂದಿನ ಕಗ್ಗೊಲೆಯ ವರ್ಷಗಳ ಬಗ್ಗೆ ಆಕೆ ಮಾತಾಡುವುದಿಲ್ಲ, ನಮ್ಮ ವಯಸ್ಸಿನವರು ಕೇಳುವುದೂ ಇಲ್ಲ. ಆಗ ನೋಮ್ ಪೆನ್‌ನಲ್ಲಿ ಓದು ಬಲ್ಲವರು ಕಡಿಮೆ, ಅಚ್ಚಿನ ಮೊಳೆ ಇನ್ನೂ ಕಡಿಮೆ. ಆ ವರ್ಷಗಳಲ್ಲಿ ಯಾರೋ ಎಸೆದಿದ್ದ, ಬಡಾವಣೆಯ ಗುಂಡಿಗಳಿಂದ ಹೆಕ್ಕಿ ತಂದ ಮೊಳೆಗಳನ್ನು ತೊಳೆದು, ಒರೆಸಿ, ಯಾವುದು ಯಾವ ಅಕ್ಷರವೆಂದು ಗೂಡುಗೂಡಿಗೆ ಹಾಕುವ ಕೆಲಸ ಸಿಕ್ಕಿತು. ನಮ್ಮ ಖ್ಮೇರ್ ಅಕ್ಷರಕ್ಕೆ ತಲೆಯ ಮೇಲೆ ಕೂದಲಿದೆ, ಕೆಳಗೆ ಕಾಲಿದೆ. ಹಾಗೆಂದೇ ಅವನ್ನು ಕರೆಯುತ್ತೇವೆ. ಒಂದು ಅಕ್ಷರಕ್ಕೆ ಇನ್ನೊಂದು ಸೇರಿದರೆ ಸೇರಿದ್ದು ಕಾಲಾಗಿ ಕೆಳಗಿಳಿಯುತ್ತದೆ. ಕೂದಲು, ಮೈ, ಕಾಲು ಮೂರನ್ನೂ ಬೇರೆ ಬೇರೆ ಮೊಳೆಯಿಂದ ಕೂಡಿಸಿ ನಿಲ್ಲಿಸಬೇಕು. ಎರಡೇ ವರ್ಷದಲ್ಲಿ ಆಕೆ ಅಚ್ಚುಕೂಟದ ಗಂಡಸರಿಗಿಂತ ಬೇಗ ನಿಲ್ಲಿಸತೊಡಗಿದಳು.

ಇನ್ನೊಂದು ಸಂಗತಿ. ನಮ್ಮ ಬರಹದಲ್ಲಿ ಪದಕ್ಕೂ ಪದಕ್ಕೂ ನಡುವೆ ಜಾಗ ಬಿಡುವ ರೂಢಿಯಿಲ್ಲ. ಒಂದು ಉಸಿರಿನ ಮಾತು ಮುಗಿದಲ್ಲಿ ಮಾತ್ರ ಒಂದಿಷ್ಟು ಜಾಗ. ಅಲ್ಲಿಯವರೆಗೆ ಅಕ್ಷರಗಳು ಕೈಕೈ ಹಿಡಿದು ಸಾಗುತ್ತಲೇ ಇರುತ್ತವೆ. ಹಾಗಾದರೆ ಸಾಲು ತುಂಬಿದಾಗ ಎಲ್ಲಿ ಕಡಿಯಬೇಕು? ಪದ ಮುಗಿದಲ್ಲಿ. ಪದ ಎಲ್ಲಿ ಮುಗಿಯಿತೆಂದು ಹೇಳುವವರು ಯಾರು? ಪುಟ ಕಟ್ಟುವವರ ಕಣ್ಣು. ಸೊಥಾವಿಯ ಕಣ್ಣು ಸಾಲಿನ ಕೊನೆಗೆ ಬರುವ ಮೊದಲೇ ತೀರ್ಮಾನ ಮಾಡಿರುತ್ತಿತ್ತು. ಆಕೆಯ ಪುಟದ ಬಲ ಅಂಚಿಗೆ ದಾರ ಹಿಡಿದು ನೋಡಬಹುದು ಎಂದು ಅಚ್ಚುಕೂಟದವರು ಹೇಳುತ್ತಿದ್ದರು. ಒಮ್ಮೆ ಯಾರೋ ನಿಜವಾಗಿಯೂ ಹಿಡಿದು ನೋಡಿದರಂತೆ. ದಾರ ಸೊಟ್ಟಗಿತ್ತು ಎನ್ನುತ್ತಾಳೆ ಸೊಥಾವಿ.

ಮೊಳೆ ಹೋಗಿ ಕಂಪ್ಯೂಟರ್ ಬಂತು, ಹಳೆಯ ಫಾಂಟ್ ಹೋಗಿ ಹೊಸ ಕೀಲಿಮಣೆ ಬಂತು. ಆಕೆ ಎಲ್ಲದಕ್ಕೂ ಕೈ ಒಗ್ಗಿಸಿಕೊಂಡಳು. ದರ ಪುಟಕ್ಕಿಷ್ಟು ಎಂದಿದ್ದುದರಿಂದ ವೇಗವೇ ಅನ್ನ. ಪಗೋಡಗಳಿಗೆ ಬೇಕಾದ ಧರ್ಮಕಥೆಯ ಪುಸ್ತಕಗಳಲ್ಲಿ ಅರ್ಧಕ್ಕರ್ಧ ಆಕೆಯ ಕೈಯಿಂದಲೇ ಹೊರಬಿದ್ದವು. ಆ ಪುಸ್ತಕಗಳ ಕೊನೆಯ ಪುಟದಲ್ಲಿ, ದಾನಿಗಳ ಉದ್ದನೆಯ ಪಟ್ಟಿಯ ಬುಡದಲ್ಲಿ, ಇರುವೆ ಗಾತ್ರದ ಅಕ್ಷರದಲ್ಲಿ ‘ಪುಟ: ಸೊಥಾವಿ’ ಎಂದಿರುತ್ತದೆ. ಬೇರೆ ಹೆಮ್ಮೆಯನ್ನು ನಾನು ಆಕೆಯಲ್ಲಿ ಕಂಡಿಲ್ಲ.

ನಮ್ಮ ಅಂಗಡಿ ಓರಸ್ಸೆಯ್ ಮಾರುಕಟ್ಟೆಯ ಹಿಂದಿನ ಬೀದಿಯಲ್ಲಿದೆ. ಕಾಗದ, ಶಾಯಿ, ಹಳೆಯ ಪ್ರಿಂಟರಿನ ಬಿಡಿಭಾಗ, ಯಾವುದಕ್ಕೆ ಗಿರಾಕಿ ಇದೆಯೋ ಅದು. ಒಂದು ವರ್ಷ ನೂರಿಪ್ಪತ್ತು ಇ-ರೀಡರ್ ತರಿಸಿದೆ. ಬೆಳಕು ಕಣ್ಣಿಗೆ ಚುಚ್ಚದ, ಕಾಗದದಂತೆ ಕಾಣುವ ಪರದೆಯವು. ಪಗೋಡಗಳಲ್ಲಿ ಮುದುಕರಿಗೆ ದೊಡ್ಡ ಅಕ್ಷರ ಬೇಕು, ದೊಡ್ಡ ಅಕ್ಷರದ ಪುಸ್ತಕ ಅಚ್ಚು ಹಾಕಿಸುವವರಿಲ್ಲ, ಯಂತ್ರದಲ್ಲಾದರೆ ಗುಂಡಿ ಒತ್ತಿದರೆ ಅಕ್ಷರ ದೊಡ್ಡದಾಗುತ್ತದೆ. ಲೆಕ್ಕ ಸರಿಯಾಗಿತ್ತು. ಪೆಟ್ಟಿಗೆ ಬಿಚ್ಚಿ ಖ್ಮೇರ್ ಪುಸ್ತಕವೊಂದನ್ನು ತೆರೆದಾಗ ಲೆಕ್ಕದ ಕಾಲು ಮುರಿದಿತ್ತು. ಯಂತ್ರ ತಯಾರಾದ ಊರಿನಲ್ಲಿ ಅಕ್ಷರ ಎಂದರೆ ಒಂದೇ ಎತ್ತರದ ಚೌಕ. ನಮ್ಮ ಅಕ್ಷರದ ಕಾಲು ಅವರ ಚೌಕದಿಂದ ಹೊರಗೆ ಬಿದ್ದು ಕಡಿದುಹೋಗಿತ್ತು.

ಯಂತ್ರದೊಳಗೆ ಕುಳಿತು ಅಕ್ಷರ ಬಿಡಿಸುವ ಲೆಕ್ಕವೊಂದಿದೆ, ಫರ್ಮ್‌ವೇರ್ ಎನ್ನುತ್ತಾರೆ. ಅದನ್ನು ಬಿಚ್ಚಿ ತಿದ್ದಬಲ್ಲ ಕಕಡಾ ಎಂಬ ಎಂಜಿನಿಯರ್ ನಮ್ಮ ಅಂಗಡಿಯ ಮಹಡಿಯಲ್ಲಿ ಬಾಡಿಗೆಗಿದ್ದ. ಮೂವತ್ತೊಂದು ವಯಸ್ಸು, ಕಬ್ಬಿನ ಹಾಲಿನ ಮೇಲೆ ಬದುಕುವವನು, ತನಗೆ ಗೊತ್ತಿಲ್ಲದ್ದು ಇನ್ನೂ ಯಾರಿಗೂ ಗೊತ್ತಾಗಿಲ್ಲವೆಂದು ನಂಬಿದವನು. ಅವನ ಪಕ್ಕದಲ್ಲಿ ಕೂರಿಸಲು ಅಕ್ಷರ ಬಲ್ಲವರೊಬ್ಬರು ಬೇಕಾಗಿತ್ತು. ಸೊಥಾವಿಯನ್ನು ಕರೆಸಿದೆ.

ಆಕೆ ಪರದೆಯನ್ನು ಮೂಗಿನ ತನಕ ತಂದುಕೊಂಡು ನೋಡಿದಳು.

“ಇದರ ಕಾಲು ಕಡಿದೋರು ಯಾರು?”

“ಕಾಲು ಅಲ್ಲೇ ಇದೆ ಮಿಂಗ್,” ಎಂದ ಕಕಡಾ. ಅಮ್ಮನಿಗಿಂತ ಸ್ವಲ್ಪ ಚಿಕ್ಕ ಹೆಂಗಸರನ್ನು ನಾವು ಹಾಗೆ ಕರೆಯುವುದು. “ಕೆಳಗಿನ ಸಾಲಿಗೆ ಸ್ವಲ್ಪ ತಾಗಿದೆ ಅಷ್ಟೆ.”

“ತಾಗಿಲ್ಲಪ್ಪ. ಕೆಳಗಿನವನ ತಲೆ ಮೇಲೆ ನಿಂತಿದೆ. ನಿನ್ನ ತಲೆ ಮೇಲೆ ನಾನು ಕಾಲಿಟ್ಟು ನಿಂತ್ರೆ ಸ್ವಲ್ಪ ತಾಗಿದೆ ಅಂತೀಯಾ?”

“ಸಾಲಿನ ನಡುವೆ ಜಾಗ ಜಾಸ್ತಿ ಮಾಡಿದ್ರೆ ಪುಟಕ್ಕೆ ಹದಿನಾಲ್ಕೇ ಸಾಲು ಹಿಡಿಯೋದು.”

“ಹಿಡೀಲಿ ಬಿಡು. ಇದೇನು ಬಸ್ಸಾ, ತುಂಬಿಸ್ಕೊಂಡೇ ಹೊರಡೋಕೆ?”

ಆರು ವಾರ ಹೀಗೇ ನಡೆಯಿತು. ಆಕೆ ಬೆಳಗ್ಗೆ ಕುಯ್ ತಿಯಾವ್ ಎಂಬ ಶಾವಿಗೆ ಸಾರು ಕುಡಿದು ಮಹಡಿ ಹತ್ತಿದರೆ ಸಂಜೆ ಇಳಿಯುತ್ತಿದ್ದಳು. ಮೊಳೆಯ ಕಾಲದಲ್ಲಿ ತೆಗೆದ ಹಳೆಯ ಕರಡುಪುಟವೊಂದನ್ನು ತಂದು ಪರದೆಯ ಪಕ್ಕದಲ್ಲಿಟ್ಟು, ಭೂತಗನ್ನಡಿ ಹಿಡಿದು, ಚುಕ್ಕಿ ಚುಕ್ಕಿ ಎಣಿಸಿ ಹೇಳುತ್ತಿದ್ದಳು. ಈ ಕೂದಲು ಮಸಿಯ ಮುದ್ದೆಯಾಗಿದೆ, ಬಿಡಿಸು. ಈ ಕಾಲನ್ನು ಒಂದು ಚುಕ್ಕಿ ಎಡಕ್ಕೆ ಸರಿಸು. ಇದನ್ನು ಅರ್ಧ ಚುಕ್ಕಿ ಎತ್ತು.

“ಅರ್ಧ ಚುಕ್ಕಿ ಅನ್ನೋದು ಇಲ್ಲ ಮಿಂಗ್. ಚುಕ್ಕಿ ಇರತ್ತೆ, ಇಲ್ಲಾ ಇರಲ್ಲ.”

“ಪೂರ್ತಿ ಕಪ್ಪು ಬೇಡ, ಬೂದಿ ಬಳಿ. ಕಣ್ಣಿಗೆ ಅರ್ಧದ ಹಾಗೇ ಕಾಣತ್ತೆ.”

ಬೂದಿ ಬಳಿಯುವುದೇ ಸರಿಯಾದ ಉಪಾಯವಂತೆ. ಹೊರದೇಶದವರು ಅದಕ್ಕೊಂದು ದೊಡ್ಡ ಹೆಸರಿಟ್ಟಿದ್ದಾರೆ, ಕಕಡಾನಿಗೆ ಅದು ಗೊತ್ತಿತ್ತು. ಎಲ್ಲಿ ಬಳಿಯಬೇಕೆಂಬುದು ಮಾತ್ರ ಗೊತ್ತಿರಲಿಲ್ಲ. ಆರನೆಯ ವಾರದ ಹೊತ್ತಿಗೆ ಅಕ್ಷರಗಳು ಸ್ವಂತ ಕಾಲಿನ ಮೇಲೆ ನಿಂತವು, ಸಾಲುಗಳು ಒಂದಕ್ಕೊಂದು ಮರ್ಯಾದೆ ಕೊಟ್ಟು ದೂರ ಸರಿದವು. ಆಕೆ ತಾನು ಕಟ್ಟಿದ ಧರ್ಮಕಥೆಯ ಪುಸ್ತಕಗಳ ಫೈಲುಗಳನ್ನೇ ತಂದು ಯಂತ್ರಕ್ಕೆ ತುಂಬಿಸಿಕೊಟ್ಟಳು. ಆ ಫೈಲುಗಳ ಡಿಸ್ಕುಗಳು ಇಷ್ಟು ವರ್ಷ ಆಕೆಯ ಅಲಮಾರಿಯಲ್ಲಿ, ಬಿಸ್ಕತ್ತಿನ ಡಬ್ಬಿಯಲ್ಲಿ, ಹೊಸ ಬಟ್ಟೆಯ ತುಂಡಿನಲ್ಲಿ ಸುತ್ತಿಟ್ಟಂತೆ ಇದ್ದವು.

ಮೊದಲ ಯಂತ್ರ ಹೋದದ್ದು ಮೆಕಾಂಗ್ ಆಚೆ ದಡದ ಒಂದು ಪಗೋಡಕ್ಕೆ, ಅಲ್ಲಿಯ ಅಚಾರ್ ಆಗಿದ್ದ ತಾ ಯೋನ್ ಅವರ ಕೈಗೆ. ಅಚಾರ್ ಎಂದರೆ ಭಿಕ್ಷುವಲ್ಲ. ಪೂಜೆ, ಮದುವೆ, ಸಾವು ಎಲ್ಲದಕ್ಕೂ ಮುಂದೆ ನಿಂತು ನಡೆಸಿಕೊಡುವ ಸಂಸಾರಿ. ತಾ ಯೋನ್‌ಗೆ ಎಪ್ಪತ್ತನಾಲ್ಕು; ತಾ ಎಂದರೆ ನಮ್ಮಲ್ಲಿ ಅಜ್ಜ. ಶೀಲದ ದಿನ, ಅಂದರೆ ವಾರಕ್ಕೊಮ್ಮೆ, ಮಧ್ಯಾಹ್ನದ ಊಟಕ್ಕೆ ಮೊದಲು ಅವರು ಧರ್ಮಕಥೆಯನ್ನು ಗಟ್ಟಿಯಾಗಿ ಓದುತ್ತಾರೆ, ಚಾಪೆಯ ಮೇಲೆ ಬಿಳಿಯುಟ್ಟ ಅಜ್ಜಿಯರು ಕೇಳುತ್ತಾರೆ. ಮೂವತ್ತು ವರ್ಷದಿಂದ ನಡೆದು ಬಂದದ್ದು. ಹೆಂಡತಿ ಹೋದ ಮೇಲೆ ಅವರಿಗೆ ವಾರ ಎಂದರೆ ಆ ಒಂದು ಗಂಟೆ; ಉಳಿದ ದಿನಗಳು ಅದಕ್ಕೆ ಕಾಯುವ ಸಾಲು.

ಯಂತ್ರದಲ್ಲಿ ಅಕ್ಷರವನ್ನು ಎಲ್ಲಕ್ಕಿಂತ ದೊಡ್ಡದು ಮಾಡಿಕೊಂಡು ಓದಲು ಕುಳಿತ ಮೊದಲ ದಿನವೇ ಅವರು ಎಡವಿದರು. ಎರಡನೆಯ ವಾರ ಇನ್ನೂ ಹೆಚ್ಚು. ಒಂದು ಪದದ ಅರ್ಧ ಓದಿ ನಿಲ್ಲುವುದು, ಮುಂದಿನ ಸಾಲಿಗೆ ಹೋಗಿ ಉಳಿದರ್ಧ ಕಂಡು ಹಿಂದಕ್ಕೆ ಬರುವುದು. ಅಜ್ಜಿಯರು ಮೊದಲು ಒಬ್ಬರ ಮುಖ ಒಬ್ಬರು ನೋಡಿಕೊಂಡರು, ಆಮೇಲೆ ಎಲೆಯಡಿಕೆಯ ಚೀಲ ನೋಡಿಕೊಂಡರು. ಪಗೋಡ ಸಮಿತಿಯ ಮುಖ್ಯಸ್ಥ ತಾ ಹೊಯ್ ಅಂಗಡಿಗೇ ಬಂದರು.

“ಏನು ತೌಕೆ, ನಿನ್ನ ಯಂತ್ರ ಸರಿ ಇಲ್ವೋ, ನಮ್ಮ ಅಚಾರ್ ಸರಿ ಇಲ್ವೋ?”

ತೌಕೆ ಎಂದರೆ ಅಂಗಡಿಯ ಯಜಮಾನ. ಗೋದಾಮಿನಲ್ಲಿ ಇನ್ನೂ ನೂರಹತ್ತೊಂಬತ್ತು ಪೆಟ್ಟಿಗೆಗಳಿದ್ದವು. ನಾನು ಸಕ್ಕರೆ ಹಾಲು ಹಾಕಿದ ತಣ್ಣನೆಯ ಕಾಫಿ ತರಿಸಿ ಅವರ ಮುಂದಿಟ್ಟೆ. “ಯಂತ್ರಕ್ಕೆ ಏನಾಗತ್ತೆ ತಾ? ಅಚಾರ್‌ಗೆ ವಯಸ್ಸಾಯ್ತು. ಕಣ್ಣು ಹೋಗಿದೆ ಅಂತ ಕಾಣತ್ತೆ.”

ಮಾತು ಬಹಳ ಸಲೀಸಾಗಿ ಬಂತು. ವ್ಯಾಪಾರದಲ್ಲಿ ಅಂಥ ಮಾತು ತೂಕದ ಕಲ್ಲಿನಂತೆ ಕೈಯಳತೆಯಲ್ಲೇ ಇರುತ್ತದೆ.

ತಾ ಹೊಯ್ ಕಾಫಿ ಕುಡಿದು ಮುಗಿಸಿದರು. “ಹಾಗಾದ್ರೆ ಮುಂದಿನ ಶೀಲದ ದಿನ ಒಂದು ನೋಡ್ತೀವಿ. ಆಗ್ಲಿಲ್ಲ ಅಂದ್ರೆ ಧ್ವನಿ ತುಂಬಿಸಿದ್ದು ಸಿಗತ್ತಲ್ಲ, ಅದನ್ನೇ ಮೈಕಿನಲ್ಲಿ ಹಾಕೋದು. ಅದು ಎಡವಲ್ಲ, ಕೆಮ್ಮಲ್ಲ, ಊಟಾನೂ ಕೇಳಲ್ಲ.”

ಈ ಸುದ್ದಿ ಸೊಥಾವಿಗೆ ಮುಟ್ಟಿಸಿದವನು ಕಕಡಾ, ನಗೆಚಾಟಿಕೆಯಾಗಿ. ಆಕೆ ನಗಲಿಲ್ಲ. ಮರುದಿನ ಬೆಳಗ್ಗೆ ಒಬ್ಬಳೇ ದೋಣಿ ಹತ್ತಿ ನದಿ ದಾಟಿದಳು. ಮೋಟಾರ್‌ಸೈಕಲ್ಲು, ಕೋಳಿಬುಟ್ಟಿ, ಮಂಜುಗಡ್ಡೆಯ ಮೂಟೆಗಳ ನಡುವೆ ಕುಳಿತು, ಮಡಿಲಲ್ಲಿ ಒಂದು ಕಟ್ಟು ನೋಮ್ ಅನ್ಸಾಮ್ ಇಟ್ಟುಕೊಂಡು. ಹಬ್ಬವಿಲ್ಲದ ದಿನ ಬಾಳೆಯೆಲೆಯ ಅಕ್ಕಿಕಡುಬು ತಂದವರು ಏನೋ ಕೇಳಲು ಬಂದಿದ್ದಾರೆಂದೇ ಅರ್ಥ. ತಾ ಯೋನ್‌ಗೂ ಅದು ಗೊತ್ತಾಯಿತು.

“ಏನು ಬೇಕಮ್ಮಾ?”

“ಸ್ವಲ್ಪ ಓದಿ ತಾ. ಕೇಳ್ಬೇಕು.”

“ನಾನು ಓದೋದನ್ನ ಕೇಳೋಕೆ ಬಂದೋರು ಈ ತಿಂಗಳಲ್ಲಿ ನೀನೊಬ್ಬಳೇ,” ಎಂದು ಅವರು ಯಂತ್ರ ತೆಗೆದರು.

ಮಂಟಪದ ನೆರಳಿನಲ್ಲಿ ಆಕೆ ಅವರ ಪಕ್ಕಕ್ಕೆ, ಒಂದು ಮೆಟ್ಟಿಲು ಕೆಳಗೆ, ಕಾಲು ಹಿಂದಕ್ಕೆ ಮಡಚಿ ಕುಳಿತಳು. ಅವರು ಓದಿದರು. ಆಕೆ ಅವರ ಮುಖ ನೋಡಲಿಲ್ಲ, ಪರದೆಯನ್ನು ನೋಡುತ್ತಾ ಅವರು ಎಡವಿದ ಜಾಗವನ್ನೆಲ್ಲ ಒಂದು ಚೀಟಿಯಲ್ಲಿ ಗುರುತು ಹಾಕಿಕೊಂಡಳು. ನಾಲ್ಕು ಪುಟಕ್ಕೆ ಹತ್ತೊಂಬತ್ತು. ಹತ್ತೊಂಬತ್ತೂ ಸಾಲಿನ ಕೊನೆಯಲ್ಲಿ. ನಡುಸಾಲಿನಲ್ಲಿ, ಎಂಥ ಬಿಗಿಯಾದ ಪಾಲಿ ಪದ ಬಂದರೂ, ಮುದುಕರು ದೋಣಿಯಂತೆ ತೇಲಿಹೋಗುತ್ತಿದ್ದರು.

“ನಿಮ್ಮ ಕಣ್ಣಿಗೆ ಏನೂ ಆಗಿಲ್ಲ ತಾ.”

“ಆಗಿದೆ ಅಂತ ತಾ ಹೊಯ್ ಹೇಳಿದ. ಅವನಿಗೆ ಅಂಗಡಿಯವನು ಹೇಳಿದ್ನಂತೆ. ಇಬ್ಬರು ಹೇಳಿದ ಮೇಲೆ ನಂಗೂ ಮಂಜುಮಂಜಾಗೇ ಕಾಣ್ತಿದೆ.”

ಮಧ್ಯಾಹ್ನಕ್ಕೆ ಆಕೆ ಮಹಡಿಯಲ್ಲಿದ್ದಳು. ನಿನ್ನ ಯಂತ್ರ ಪದದ ನಡುವೆ ಸಾಲು ಕಡಿಯುತ್ತಿದೆ ಎಂದು ಚೀಟಿಯನ್ನು ಕಕಡಾನ ಮುಂದಿಟ್ಟಳು. ಕಕಡಾ ಕಬ್ಬಿನ ಹಾಲು ಪಕ್ಕಕ್ಕಿಟ್ಟ. ಅದೊಂದು ದೊಡ್ಡ ಸನ್ನೆ.

ಅವನು ವಿವರಿಸಿದ್ದು ಇಷ್ಟು. ಈಗಿನ ಖ್ಮೇರ್ ಕೀಲಿಮಣೆಯಲ್ಲಿ ಕೆಳಗಿನ ಉದ್ದ ಪಟ್ಟಿಯನ್ನು ಒತ್ತಿದರೆ ಬರುವುದು ಕಾಣದ ಜಾಗ. ಕಣ್ಣಿಗೆ ಏನೂ ಕಾಣಿಸುವುದಿಲ್ಲ, ಆದರೆ ಇಲ್ಲಿ ಒಂದು ಪದ ಮುಗಿಯಿತು ಎಂಬ ಗುರುತು ಒಳಗೆ ಉಳಿಯುತ್ತದೆ. ಕಾಣುವ ಜಾಗ ಬೇಕೆಂದರೆ ಇನ್ನೊಂದು ಕೀಲಿಯನ್ನೂ ಜೊತೆಗೆ ಹಿಡಿಯಬೇಕು. ಟೈಪ್ ಮಾಡುವವರು ಪದಪದಕ್ಕೂ ಹೆಬ್ಬೆರಳಿನಿಂದ ಆ ಪಟ್ಟಿಯನ್ನು ತಟ್ಟುತ್ತಾ ಹೋಗುತ್ತಾರೆ. ಯಂತ್ರ ಆ ಗುರುತು ಇರುವಲ್ಲಿ ಸಾಲು ಕಡಿಯುತ್ತದೆ. ಗುರುತೇ ಸಿಗದಿದ್ದರೆ ಜಾಗ ಮುಗಿದಲ್ಲಿ ಕಡಿಯುತ್ತದೆ, ಪಾಪ ಅದೇನು ಮಾಡೀತು.

“ತೋರಿಸ್ತೀನಿ ಇರಿ,” ಎಂದು ಪುಸ್ತಕದ ಫೈಲು ತೆರೆದು, ಕಾಣದ ಜಾಗಗಳಿಗೆಲ್ಲ ಕೆಂಪು ಚುಕ್ಕಿ ಬರುವಂತೆ ಮಾಡಿದ.

ಪುಟ ಸಿಡುಬಿನ ಮುಖದಂತೆ ಕೆಂಪಾಗಬೇಕಿತ್ತು. ಆಗಲಿಲ್ಲ. ಒಂದು ಚುಕ್ಕಿ, ಆಮೇಲೆ ಉದ್ದಕ್ಕೂ ಬಯಲು, ಮತ್ತೊಂದು ಚುಕ್ಕಿ, ಮತ್ತೆ ಬಯಲು. ಎಲ್ಲ ಬಯಲೂ ಹೆಚ್ಚುಕಡಿಮೆ ಒಂದೇ ಉದ್ದ.

“ನೋಡಿ. ಯಂತ್ರದ ತಪ್ಪಲ್ಲ ಇದು. ಟೈಪ್ ಮಾಡಿದೋನು ಶುದ್ಧ ಸೋಮಾರಿ. ಅಳತೆಗೆ ಸರಿಯಾಗಿ ಸೋಮಾರಿತನ ಮಾಡಿದ್ದಾನೆ ನೋಡಿ.”

ಸೊಥಾವಿ ಕನ್ನಡಕ ತೆಗೆದು ಸೆರಗಿನಂಥ ತನ್ನ ಕ್ರಮಾ ವಸ್ತ್ರದ ತುದಿಯಲ್ಲಿ ಒರೆಸಿಕೊಂಡಳು. ಆ ಬಯಲಿನ ಉದ್ದ ಆಕೆಗೆ ಚೆನ್ನಾಗಿ ಗೊತ್ತಿತ್ತು. ಅದು ಹನ್ನೊಂದು ಸೆಂಟಿಮೀಟರ್, ಪಗೋಡದ ಪುಸ್ತಕದ ಸಾಲಿನ ಅಗಲ. ಆಕೆ ಮೆಟ್ಟಿಲು ಇಳಿದಳು.

ಕೆಳಗೆ ನಾನಿದ್ದೆ. ಮೇಲಿನ ಮಾತು ಅರ್ಧ ಕೇಳಿಸಿತ್ತು, ವ್ಯಾಪಾರಿಗೆ ಅರ್ಧ ಸಾಕು. “ಬೋಂಗ್, ತಲೆ ಕೆಡಿಸ್ಕೋಬೇಡಿ,” ಎಂದೆ. ಆಕೆ ನನಗೆ ಅಕ್ಕನ ವಯಸ್ಸಿನವಳು. “ಫ್ಯಾಕ್ಟರಿಯವರ ತಪ್ಪು ಅಂತ ಬರೆದು ಹಾಕೋಣ. ಅವ್ರಿಗೆ ಖ್ಮೇರ್ ಓದೋಕೆ ಬರಲ್ಲ, ನಮಗೆ ಅವ್ರ ಭಾಷೆ ಬರಲ್ಲ. ಜಗಳಾನೂ ಆಗಲ್ಲ.”

ಆಕೆ ನನ್ನನ್ನು ಆ ಅರ್ಧ ಬೆಲೆಯ ನೋಟದಿಂದ ನೋಡಿ ಹೊರಟುಹೋದಳು.

ಮರುದಿನ ಬರಲಿಲ್ಲ. ಆ ದಿನ ತಾನು ಏನು ಮಾಡಿದೆನೆಂದು ಎಷ್ಟೋ ದಿನದ ಮೇಲೆ ಕಕಡಾನಿಗೆ ಹೇಳಿದಳಂತೆ, ಅವನು ನನಗೆ ಹೇಳಿದ. ಪ್ರಹೋಕ್ ಎಂಬ ಹುಳಿಸಿದ ಮೀನಿನ ಮುದ್ದೆ ಹಾಕಿ ಬದನೆಕಾಯಿ ಬೇಯಲಿಟ್ಟು, ಹಳೆಯ ಕಂಪ್ಯೂಟರಿನ ಮೇಲಿನ ಹೊದಿಕೆ ತೆಗೆದು, ಮನಸ್ಸಿಗೆ ಬಂದ ಒಂದು ಪುಟವನ್ನು ಎಂದಿನಂತೆ ಟೈಪ್ ಮಾಡಿದಳು. ಟೈಪ್ ಮಾಡುತ್ತಾ ಕೈಯನ್ನೇ ನೋಡಿದಳು. ಎಂಟು ಬೆರಳು ಮಳೆಯಂತೆ ಬೀಳುತ್ತಿದ್ದವು. ಎರಡು ಹೆಬ್ಬೆರಳು ಗಾಳಿಯಲ್ಲಿ ಸುಮ್ಮನೆ ನಿಂತಿದ್ದವು. ಸಾಲಿನ ಕೊನೆ ಹತ್ತಿರವಾದಾಗ ಒಂದು ಹೆಬ್ಬೆರಳು ಇಳಿದು, ಪಟ್ಟಿಯನ್ನು ಒಮ್ಮೆ ತಟ್ಟಿ, ಮತ್ತೆ ಮೇಲೇರಿತು.

ಮೊಳೆಯ ಕಾಲದಲ್ಲಿ ಪದದ ಕೊನೆಗೆ ಏನನ್ನೂ ಇಡುವ ಪದ್ಧತಿ ಇರಲಿಲ್ಲ. ಸಾಲಿನ ಕೊನೆ ನೋಡಿಕೊಂಡರೆ ಮುಗಿಯಿತು. ಆಕೆ ಕಂಪ್ಯೂಟರಿನ ಮುಂದೆಯೂ ಮೊಳೆಯನ್ನೇ ಜೋಡಿಸುತ್ತಿದ್ದಳು. ಕಾಗದದ ಮೇಲೆ ಸಾಲು ಒಮ್ಮೆ ಮುರಿದರೆ ಮುಗಿಯಿತು, ಯಾವ ಪುಟವೂ ಎದ್ದು ನಿಂತು ಅಗಲ ಬದಲಿಸುವುದಿಲ್ಲ. ಪುಟಕ್ಕೆ ನಾಲ್ಕು ನೂರು ಸಲ ತಟ್ಟುವ ಬದಲು ಇಪ್ಪತ್ತಮೂರು ಸಲ ತಟ್ಟಿದರೆ ಸಾಕಾಗುವಾಗ ಇನ್ನಾರು ತಟ್ಟುತ್ತಾರೆ? ಆಕೆ ಬೇರೆಯವರಿಗಿಂತ ಬೇಗ ಕಟ್ಟುತ್ತಿದ್ದುದರ ಗುಟ್ಟೇ ಅದು. ದಾರ ಹಿಡಿದು ನೋಡಬಹುದಾದ ಪುಟದ ಒಳಗೆ ಇಪ್ಪತ್ತು ವರ್ಷದಿಂದ ಒಂದು ಟೊಳ್ಳು ಕುಳಿತಿತ್ತು. ಅಕ್ಷರ ದೊಡ್ಡದಾದರೆ ಸಾಲು ಬೇರೆ ಕಡೆ ಮುರಿಯುತ್ತದೆ; ಹಾಗೆ ದೊಡ್ಡದು ಮಾಡಿಕೊಂಡು ಓದುವ ಮುದುಕರೊಬ್ಬರು ಬಂದು ಅದರಲ್ಲಿ ಕಾಲಿಟ್ಟರು.

ಬದನೆಕಾಯಿ ತಳ ಹತ್ತಿತು. ಆಕೆ ಅದನ್ನೇ ತಿಂದಳು.

ಮೂರನೆಯ ದಿನ ಬೆಳಗ್ಗೆ ಮಹಡಿಗೆ ಬಂದು ಕಕಡಾನಿಗೆ ಹೇಳಿದಳು: “ಆ ಪುಸ್ತಕದ ಕೊನೆ ಪುಟ ತೆಗಿ. ಬುಡದಲ್ಲಿ ಹೆಸರಿದೆ, ಓದು.”

ಕಕಡಾ ಓದಿದ. ಕಿವಿಯ ತನಕ ಕೆಂಪಾದ. “ಮಿಂಗ್, ನಾನು ಸೋಮಾರಿ ಅಂದಿದ್ದು…”

“ಸರಿಯಾಗೇ ಅಂದೆ. ಅಳತೆಗೆ ಸರಿಯಾಗಿ ಅಂದೆಯಲ್ಲ, ಅಷ್ಟಾದ್ರೂ ಹೊಗಳಿದೆ. ಶೀಲದ ದಿನಕ್ಕೆ ಇನ್ನು ನಾಲ್ಕು ದಿನ ಇದೆ. ಏನು ಮಾಡ್ಬಹುದು ಹೇಳು.”

ಪುಸ್ತಕ ನಾನೂರ ಹನ್ನೆರಡು ಪುಟ. ಆಕೆ ಒಬ್ಬಳೇ ಕುಳಿತು ಪದಪದಕ್ಕೂ ತಟ್ಟಿದರೆ ಎರಡು ತಿಂಗಳು. ಕಕಡಾ ಬೇರೆ ದಾರಿ ಹೇಳಿದ: ಯಂತ್ರದೊಳಗೇ ಒಂದು ಪದಪಟ್ಟಿ ಇಡುವುದು, ಗುರುತು ಸಿಗದ ಕಡೆ ಯಂತ್ರ ಪಟ್ಟಿ ನೋಡಿ ಪದ ಎಲ್ಲಿ ಮುಗಿಯಿತೆಂದು ತಾನೇ ಊಹಿಸುವುದು. ಆಡುಮಾತಿನ ಪಟ್ಟಿಗಳು ಸಿಗುತ್ತವೆ. ಆದರೆ ಧರ್ಮಕಥೆಯಲ್ಲಿ ಸಾಲಿಗೊಂದು ಪಾಲಿ ಪದ, ಒಂದೊಂದೂ ಹೆಬ್ಬಾವಿನ ಉದ್ದ, ಯಾವ ಪಟ್ಟಿಯಲ್ಲೂ ಇಲ್ಲ.

“ಪಾಲಿ ಪದ ನಾನು ಕೊಡ್ತೀನಿ,” ಎಂದಳು ಸೊಥಾವಿ. “ಮೊಳೆ ಜೋಡಿಸಿದ ಕೈ ಮರೆಯಲ್ಲ. ನಂಗೆ ಅನುಮಾನ ಬಂದದ್ದು ತಾ ಯೋನ್‌ಗೆ ಗೊತ್ತಿರತ್ತೆ.”

ನಾಲ್ಕು ದಿನ ಆಕೆ ಹೇಳುತ್ತಾ ಹೋದಳು, ಅವನು ತುಂಬಿಸುತ್ತಾ ಹೋದ. ಸಂದೇಹ ಬಂದಾಗ ಫೋನಿನಲ್ಲಿ ನದಿಯಾಚೆಗೆ ಕೇಳುತ್ತಿದ್ದರು. ತಾ ಯೋನ್ ಪದವನ್ನು ಒಮ್ಮೆ ಸುಮ್ಮನೆ, ಒಮ್ಮೆ ರಾಗವಾಗಿ ಹೇಳಿ, ಉಸಿರು ಎಲ್ಲಿ ನಿಲ್ಲುತ್ತದೆಂದು ತೋರಿಸುತ್ತಿದ್ದರು. ಇದೆಲ್ಲ ಯಾಕೆಂದು ಅವರು ಕೇಳಲಿಲ್ಲ. ಕೇಳಿದ್ದರೆ ಒಳ್ಳೆಯದಿತ್ತೇನೋ, ಆಕೆ ಹೇಳಬೇಕಾದ ಮಾತನ್ನು ಫೋನಿನಲ್ಲೇ ಹೇಳಿ ಹಗುರಾಗಿಬಿಡಬಹುದಿತ್ತು.

ಆ ನಾಲ್ಕರಲ್ಲಿ ಮೂರನೆಯ ದಿನ ಹೊಸ ತೊಡಕು. ಈಗ ಸಾಲು ಪದ ಮುಗಿದಲ್ಲೇ ಕಡಿಯುತ್ತಿತ್ತು. ಆದರೆ ದೊಡ್ಡ ಅಕ್ಷರದಲ್ಲಿ ಸಾಲಿಗೆ ನಾಲ್ಕೈದೇ ಪದ. ಮುಂದಿನದು ಹಿಡಿಯದಿದ್ದರೆ ಬಲಗಡೆ ಹಳ್ಳ ಬೀಳುತ್ತಿತ್ತು. ಹಳ್ಳ ಮುಚ್ಚಲು ಯಂತ್ರ ಅಕ್ಷರ ಅಕ್ಷರದ ನಡುವೆ ಜಾಗ ಎಳೆದು ಹಂಚುತ್ತಿತ್ತು. ಅಂಚು ನೆಟ್ಟಗೆ, ಸಾಲು ಮಾತ್ರ ಹಲ್ಲು ಬಿದ್ದ ಬಾಯಿ.

“ಎಳೀಬೇಡ. ಎಲ್ಲಿ ಮುಗಿಯತ್ತೋ ಅಲ್ಲಿ ಮುಗೀಲಿ. ಬಲಗಡೆ ಅಂಚು ಹೇಗಾದ್ರೂ ಇರ್ಲಿ,” ಎಂದಳು ಸೊಥಾವಿ.

ಕಕಡಾ ಕುರ್ಚಿಯಲ್ಲೇ ತಿರುಗಿದ. ಅಲ್ಲೇ ಇದ್ದ ನನಗೆ ತಡೆಯಲಾಗಲಿಲ್ಲ. “ಬೋಂಗ್, ಅಂಚು ಸೊಟ್ಟ ಇದ್ರೆ ನೋಡಿದೋರು ಅಗ್ಗದ ಮಾಲು ಅಂತಾರೆ. ನಿಮ್ಮ ಅಂಚಿಗೆ ದಾರ ಹಿಡೀತಿದ್ರು.”

“ದಾರ ಹಿಡಿಯೋರು ಓದಲ್ಲ ತೌಕೆ. ಓದೋ ಮುದುಕ್ರಿಗೆ ಅಂಚು ಸೊಟ್ಟ ಇದ್ರೇ ಒಳ್ಳೇದು. ಒಂದು ಸಾಲು ಉದ್ದ, ಒಂದು ಗಿಡ್ಡ ಇದ್ರೆ ಕಣ್ಣು ಯಾವ ಸಾಲಿನಿಂದ ಬಂತು ಅನ್ನೋದು ಅದಕ್ಕೇ ನೆನಪಿರತ್ತೆ.”

ಇದನ್ನು ಆಕೆ ಯಾವಾಗ ಕಂಡುಕೊಂಡಳೋ ತಿಳಿಯದು. ಮಂಟಪದ ಮೆಟ್ಟಿಲ ಮೇಲೆ ಕುಳಿತಾಗ ಇರಬಹುದು. ನಲವತ್ತು ವರ್ಷ ನೆಟ್ಟಗೆ ಕಟ್ಟಿದ್ದ ಗೋಡೆಯನ್ನು ಆಕೆ ಒಂದೇ ಮಾತಿಗೆ ಬಿಟ್ಟುಕೊಟ್ಟದ್ದನ್ನು ನಾನು ಕಣ್ಣಾರೆ ನೋಡಿದೆ. ಬಿಟ್ಟುಕೊಡುವಾಗ ಚೌಕಾಸಿ ಮಾಡಲಿಲ್ಲ.

ಶೀಲದ ದಿನ ನಾವು ಮೂವರೂ ನದಿ ದಾಟಿದೆವು. ನಾನು ಹೋದದ್ದು ಮಾಲಿನ ಜೊತೆ. ದಡ ಹತ್ತಿದ ಕೂಡಲೇ ಕಕಡಾ ತಾ ಯೋನ್ ಅವರ ಯಂತ್ರ ಇಸಿದುಕೊಂಡು ಹೊಸ ಲೆಕ್ಕ ತುಂಬಿಸಿಕೊಟ್ಟ. ಮಂಟಪದಲ್ಲಿ ಅಜ್ಜಿಯರು ಆಗಲೇ ಕುಳಿತಿದ್ದರು. ಮೂಲೆಯಲ್ಲಿ ತಾ ಹೊಯ್ ಮೈಕಿನ ಪೆಟ್ಟಿಗೆಯನ್ನು ಬಟ್ಟೆ ಹೊದಿಸಿ ಸಿದ್ಧವಾಗಿಟ್ಟಿದ್ದರು. ಸಾವಿನ ಮನೆಯಲ್ಲಿ ಮೊದಲೇ ತರಿಸಿಟ್ಟ ಪೆಟ್ಟಿಗೆಯಂತೆ ಎಲ್ಲರೂ ಅದನ್ನು ನೋಡದ ಹಾಗೆ ನೋಡುತ್ತಿದ್ದರು. ತಾ ಯೋನ್ ಹೊಸದಾಗಿ ಇಸ್ತ್ರಿ ಮಾಡಿದ ಬಿಳಿ ಅಂಗಿಯಲ್ಲಿ ಬಂದು ಕುಳಿತರು.

ಅವರು ಯಂತ್ರ ತೆರೆಯುವ ಮೊದಲೇ ಸೊಥಾವಿ ಮುಂದೆ ಹೋಗಿ ಮೊಣಕಾಲೂರಿದಳು. ಕೈಮುಗಿದು ಹೆಬ್ಬೆರಳು ಹಣೆಗೆ ತಾಗುವಂತೆ ಎತ್ತಿದಳು. ಸರೀಕರಿಗೆ ಎದೆಯ ಮಟ್ಟ ಸಾಕು. ಅಷ್ಟು ಎತ್ತರಕ್ಕೆ ಕೈ ಎತ್ತುವುದು ಭಿಕ್ಷುಗಳಿಗೆ.

“ತಾ, ಕ್ಷಮಿಸ್ಬೇಕು. ನೀವು ಎಡವಿದ್ದು ನಿಮ್ಮ ತಪ್ಪಲ್ಲ. ಈ ಪ್ರತಿ ಕಟ್ಟಿದ್ದು ನಾನು. ಪದ ಮುಗಿದ ಕಡೆಯೆಲ್ಲ ಗುರುತು ಹಾಕ್ಬೇಕಿತ್ತು, ಬೇಗ ಮುಗಿಸ್ಬೇಕು ಅಂತ ಹಾಕ್ಲಿಲ್ಲ. ಇಪ್ಪತ್ತು ವರ್ಷ ಹಾಕ್ಲಿಲ್ಲ. ಕಾಗದದಲ್ಲಿ ಕಾಣ್ಲಿಲ್ಲ, ಇದರಲ್ಲಿ ಕಂಡ್ತು.”

ಅಜ್ಜಿಯರಲ್ಲಿ ಒಬ್ಬರು ಎಲೆಯಡಿಕೆ ಜಗಿಯುವುದನ್ನು ನಿಲ್ಲಿಸಿದರು. ತಾ ಹೊಯ್ ಗಂಟಲು ಸರಿಮಾಡಿಕೊಂಡರು. “ಆದ್ರೆ ಅಂಗಡಿಯವನು ಕಣ್ಣು ಹೋಗಿದೆ ಅಂದಿದ್ನಲ್ಲ?”

ಅವರ ಕಣ್ಣು ನನ್ನ ಕಡೆ ತಿರುಗಿತು. ಹಿಂದೆಯೇ ಮಂಟಪದ ಎಲ್ಲ ಕಣ್ಣೂ. ನನ್ನ ನಾಲಿಗೆಯ ಮೇಲೆ ಮೂರು ಮಾತು ಸಿದ್ಧವಾಗಿದ್ದವು, ಮೂರೂ ಕಳಪೆ ಮಾಲು.

“ಯಾರು ಏನೇ ಹೇಳಿರ್ಲಿ ತಾ, ಹೇಳಿಸಿದ್ದು ನನ್ನ ಕೈ,” ಎಂದಳು ಸೊಥಾವಿ, ಹಿಂದೆ ತಿರುಗದೆ. “ಆ ಮಾತಿಗೂ ನಾನೇ ಕ್ಷಮೆ ಕೇಳ್ತೀನಿ.”

“ಏಳಮ್ಮಾ. ಕಡುಬು ತಂದ ದಿನಾನೇ ಏನೋ ಇದೆ ಅಂತ ಗೊತ್ತಾಗಿತ್ತು. ಉಪ್ಪು ಜಾಸ್ತಿ ಆಗಿತ್ತು,” ಎಂದರು ತಾ ಯೋನ್. ಅಜ್ಜಿಯರು ನಕ್ಕರು. ಆ ನಗುವಿನ ನಡುವೆಯೇ ಅವರು ಯಂತ್ರ ತೆರೆದು ಓದಲು ತೊಡಗಿದರು.

ಐವತ್ತು ನಿಮಿಷ ಓದಿದರು. ಸಾಲಿನ ಕೊನೆ ಬಂದಾಗಲೆಲ್ಲ ಕಕಡಾ ಉಸಿರು ಹಿಡಿಯುತ್ತಿದ್ದ, ಸೊಥಾವಿಯ ಹೆಬ್ಬೆರಳು ಮಡಿಲ ಮೇಲೆ ಮೆಲ್ಲನೆ ತಟ್ಟುತ್ತಿತ್ತು, ಪದ ಪದಕ್ಕೂ. ಒಂದೇ ಒಂದು ಕಡೆ ಮುದುಕರು ಎಡವಿದರು. ಆಕೆ ಬೆಚ್ಚಿ ಕತ್ತೆತ್ತಿದಳು. ಪಕ್ಕದ ಅಜ್ಜಿ ಬಾಗಿ ಪಿಸುಗುಟ್ಟಿದರು: “ಅಲ್ಲಿ ಮೂವತ್ತು ವರ್ಷದಿಂದಾನೂ ಎಡವ್ತಾರೆ ಬಿಡು. ಅದು ನಮ್ಮದೇ.”

ಮೈಕಿನ ಪೆಟ್ಟಿಗೆಯನ್ನು ತಾ ಹೊಯ್ ಊಟ ಸಿದ್ಧವಾಯಿತೆಂದು ಕೂಗಲು ಬಳಸಿದರು.

ಆಮೇಲಿನದು ವ್ಯಾಪಾರ. ನೂರಹತ್ತೊಂಬತ್ತು ಪೆಟ್ಟಿಗೆಯೂ ಹೋದವು, ಬಲ ಅಂಚು ಸೊಟ್ಟಗಿರುವ ಪುಟಗಳೊಂದಿಗೆ. ಅಗ್ಗದ ಮಾಲು ಎಂದವರು ಯಾರೂ ಇಲ್ಲ. ಸೊಥಾವಿ ಈಗಲೂ ಬೆಳಗ್ಗೆ ಮಹಡಿ ಹತ್ತುತ್ತಾಳೆ. ಬಿಸ್ಕತ್ತಿನ ಡಬ್ಬಿಯಲ್ಲಿ ಇನ್ನೂ ಅರವತ್ತೇಳು ಪುಸ್ತಕಗಳಿವೆ. ಒಂದೊಂದನ್ನೇ ತೆರೆದು, ಕೆಂಪು ಚುಕ್ಕಿ ಇಲ್ಲದ ಬಯಲಿನಲ್ಲಿ ಹೆಬ್ಬೆರಳು ತಟ್ಟುತ್ತಾ ಸಾಗುತ್ತಾಳೆ. ಪದಪಟ್ಟಿ ಇರುವಾಗ ಇದೆಲ್ಲ ಯಾಕೆ ಎಂದು ಕಕಡಾ ಕೇಳಿದರೆ, “ಪಟ್ಟಿ ನಿಂದು, ಪುಟ ನಂದು,” ಎನ್ನುತ್ತಾಳೆ. ಬಲ ಹೆಬ್ಬೆರಳ ತುದಿ ಈಗೀಗ ಸ್ವಲ್ಪ ಚಪ್ಪಟೆಯಾಗುತ್ತಿದೆ.

ತಾ ಯೋನ್ ಅವರ ಕಣ್ಣು ಹೋಗಿದೆ ಎಂದು ಹೇಳಿದವನು ನಾನು. ಅದಕ್ಕೆ ಕ್ಷಮೆ ಕೇಳಬೇಕಾಗಿದ್ದವನೂ ನಾನು. ನನ್ನ ಬದಲಿಗೆ ಉಂಗ್ ಸೊಥಾವಿ ಮೊಣಕಾಲೂರಿ ಕೇಳಿದಳು, ಅದರ ಬಗ್ಗೆ ಇವತ್ತಿನವರೆಗೆ ನನಗೆ ಒಂದು ಮಾತೂ ಆಡಿಲ್ಲ. ಆ ಕ್ಷಮೆ ನನ್ನ ಮೇಲೆ ಆಕೆಯ ಋಣ.